ಕಥೋಲಿಕ ಕ್ಲಾಸಿಕಲ್ ಶಾಲೆಯ ಮುಖ್ಯಸ್ಥರು ಆಡಳಿತಗಾರರಾಗಿರಬೇಕೆ, ಅಧ್ಯಾಪಕರಾಗಿರಬೇಕೆ?

ಬಲ್ಮಠದವಳು

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನವಳು, ಈಗ ಸಂಸಾರದೊಂದಿಗೆ ಅಮೆರಿಕದ ಪೂರ್ವ ಕರಾವಳಿಯಲ್ಲಿ ನೆಲೆಸಿದ್ದೇನೆ. ನಮ್ಮ ಮಕ್ಕಳು ಇಲ್ಲಿನ ಒಂದು ಸಣ್ಣ ಕಥೋಲಿಕ ಕ್ಲಾಸಿಕಲ್ ಶಾಲೆಯಲ್ಲಿ ಓದುತ್ತಿದ್ದಾರೆ. ಪೋಷಕರೇ ಸೇರಿ ಕಟ್ಟಿದ, ಬಿಷಪರ ಒಪ್ಪಿಗೆ ಪಡೆದಿರುವ, ಆದರೆ ಧರ್ಮಪ್ರಾಂತ್ಯದ (ಬಿಷಪರ ಅಧಿಕಾರಕ್ಕೆ ಸೇರಿದ ಪ್ರದೇಶದ) ನೇರ ಆಡಳಿತಕ್ಕೆ ಒಳಪಡದ ಶಾಲೆ ಇದು. ಅದರ ಆಡಳಿತ ಮಂಡಳಿಯಲ್ಲಿ ನಾನೂ ಒಬ್ಬಳು.

ನಮ್ಮ ಮುಖ್ಯಸ್ಥರು ನಿವೃತ್ತರಾಗುತ್ತಿದ್ದಾರೆ. ಅವರ ಸ್ಥಾನಕ್ಕೆ ಬಂದ ಅರ್ಜಿಗಳಲ್ಲಿ ಕೊನೆಗೆ ಉಳಿದಿರುವುದು ಎರಡು. ಒಬ್ಬರು ಶಾಲೆಗಳ ಆಡಳಿತದಲ್ಲಿ ಪಳಗಿದವರು. ದೇಣಿಗೆ ಸಂಗ್ರಹ, ಪ್ರವೇಶಾತಿ, ಕಟ್ಟಡ ನಿರ್ಮಾಣ ಇವೆಲ್ಲವನ್ನೂ ಸಮರ್ಥವಾಗಿ ನಡೆಸಿದ್ದಾರೆ, ಆದರೆ ತರಗತಿಯಲ್ಲಿ ಪಾಠ ಹೇಳಿ ಬಹಳ ಕಾಲವಾಗಿದೆ. ಇನ್ನೊಬ್ಬರು ಜೀವಮಾನವಿಡೀ ಲ್ಯಾಟಿನ್ ಮತ್ತು ಸಾಹಿತ್ಯ ಕಲಿಸಿದವರು. ಅವರ ಹತ್ತಿರ ಕಲಿತ ಮಕ್ಕಳು ಈಗಲೂ ಅವರ ಮಾತನ್ನು ನೆನೆಯುತ್ತಾರೆ, ಆದರೆ ಆಯವ್ಯಯ ಪಟ್ಟಿಯನ್ನು ಅವರು ಎಂದೂ ನಿಭಾಯಿಸಿದವರಲ್ಲ. ಮಂಡಳಿ ಎರಡಾಗಿ ನಿಂತಿದೆ. ನನ್ನ ಮನಸ್ಸು ಎರಡನೆಯವರ ಕಡೆಗಿದೆ. ಇಂಥ ಶಾಲೆಯಲ್ಲಿ ಪಠ್ಯಕ್ರಮಕ್ಕಿಂತ ಅಧ್ಯಾಪಕರೇ ಮುಖ್ಯ, ಒಳ್ಳೆಯ ಅಧ್ಯಾಪಕರನ್ನು ಗುರುತಿಸಿ ಬೆಳೆಸುವ ಶಕ್ತಿ ಸ್ವತಃ ಪಾಠ ಹೇಳಬಲ್ಲವರಿಗೇ ಇರುತ್ತದೆ ಎಂಬುದು ನನ್ನ ನಂಬಿಕೆ. ಈ ವೇದಿಕೆಯಲ್ಲಿ ಶಾಲೆಗಳನ್ನು ಒಳಗಿನಿಂದ ಕಂಡವರು ಅನೇಕರಿದ್ದೀರಿ. ದಯವಿಟ್ಟು ನಿಮ್ಮ ಅಭಿಪ್ರಾಯ ತಿಳಿಸಿ.

ನಿವೃತ್ತ ಹೆಡ್‌ಮಾಸ್ಟರ್, ತೀರ್ಥಹಳ್ಳಿ

ಅಮ್ಮಾ, ಉತ್ತರ ಹೇಳುವ ಮೊದಲು ಒಂದು ವಿಷಯ ತಿಳಿಯಬೇಕಾಗಿದೆ. ಕ್ಲಾಸಿಕಲ್ ಶಾಲೆ ಎಂದರೆ ಅಲ್ಲಿನ ಅಧ್ಯಾಪಕರ ದಿನಚರಿ ನಮ್ಮ ಹೈಸ್ಕೂಲಿನ ಅಧ್ಯಾಪಕರ ದಿನಚರಿಗಿಂತ ಯಾವ ರೀತಿಯಲ್ಲಿ ಬೇರೆ? ಮುಖ್ಯಸ್ಥರ ಯೋಗ್ಯತೆಯನ್ನು ಅಳೆಯಬೇಕಾದರೆ ಅವರು ಮುನ್ನಡೆಸಬೇಕಾದವರ ಕೆಲಸ ಎಂಥದ್ದು ಎಂಬುದು ಮೊದಲು ಸ್ಪಷ್ಟವಾಗಬೇಕಲ್ಲವೆ?

ಲ್ಯಾಟಿನ್ ಟೀಚರ್, ಟೆಕ್ಸಸ್

ಸರ್, ಈ ಪ್ರಶ್ನೆಗೆ ನಾನು ಉತ್ತರಿಸಬಹುದೆಂದುಕೊಂಡಿದ್ದೇನೆ. ಮೈಸೂರಿನಲ್ಲಿ ಸಂಸ್ಕೃತ ಓದಿ, ಆಮೇಲೆ ಇಲ್ಲಿಗೆ ಬಂದು ಲ್ಯಾಟಿನ್ ಕಲಿತು, ಈಗ ಅಂಥದೇ ಒಂದು ಶಾಲೆಯಲ್ಲಿ ಅಧ್ಯಾಪಕಿಯಾಗಿದ್ದೇನೆ.

ಈ ಶಾಲೆಗಳು ಮಧ್ಯಯುಗದ ಯೂರೋಪಿನ ಏಳು ವಿದ್ಯೆಗಳ ಕ್ರಮವನ್ನು ಆಧಾರವಾಗಿ ಇಟ್ಟುಕೊಂಡಿವೆ. ವ್ಯಾಕರಣ, ತರ್ಕ, ವಾಗ್ಮಿತೆ ಎಂಬ ಮೂರು ಮಾತಿಗೆ ಸಂಬಂಧಿಸಿದವು. ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ ಎಂಬ ನಾಲ್ಕು ಸಂಖ್ಯೆಗೆ ಸಂಬಂಧಿಸಿದವು. ಇಂದಿನ ಶಾಲೆಗಳು ಇವನ್ನು ಅಕ್ಷರಶಃ ಪಾಲಿಸುವುದಿಲ್ಲ. ಕಿರಿಯ ತರಗತಿಗಳಲ್ಲಿ ಕಂಠಪಾಠ, ಕಾವ್ಯವಾಚನ, ಲ್ಯಾಟಿನ್ ಶಬ್ದರೂಪಗಳು, ಪ್ರಕೃತಿ ವೀಕ್ಷಣೆ. ಹಿರಿಯ ತರಗತಿಗಳಲ್ಲಿ ಮೂಲಗ್ರಂಥಗಳ ಓದು ಮತ್ತು ಚರ್ಚೆ. ಇಡೀ ಶಾಲೆ ಒಂದೇ ಕಾಲಾನುಕ್ರಮದಲ್ಲಿ ನಡೆಯುವಂತೆ ಪ್ರಾಚೀನ ಕಾಲದಿಂದ ಆಧುನಿಕ ಕಾಲದವರೆಗಿನ ಚರಿತ್ರೆಯನ್ನು ವರ್ಷ ವರ್ಷಕ್ಕೆ ಹಂಚಿರುತ್ತಾರೆ.

ಅಧ್ಯಾಪಕರ ದಿನಚರಿ ಬೇರೆಯಾಗುವುದು ಇಲ್ಲೇ. ಹಿರಿಯ ತರಗತಿಯಲ್ಲಿ ಮಕ್ಕಳು ಒಂದು ಮೇಜಿನ ಸುತ್ತ ಕುಳಿತಿರುತ್ತಾರೆ, ಮುಂದೆ ಒಂದು ಪುಟ ತೆರೆದಿರುತ್ತದೆ, ಅಧ್ಯಾಪಕರು ಪ್ರಶ್ನೆ ಕೇಳುತ್ತಾರೆ. ಸಿದ್ಧ ಟಿಪ್ಪಣಿಯಿಂದ ಈ ಕೆಲಸ ಸಾಗುವುದಿಲ್ಲ, ಏಕೆಂದರೆ ಮಗು ಯಾವ ಕಡೆಯಿಂದ ಉತ್ತರ ಕೊಡುತ್ತದೆಂದು ಮೊದಲೇ ತಿಳಿದಿರುವುದಿಲ್ಲ. ಅಧ್ಯಾಪಕರು ಪಠ್ಯವನ್ನು ಆಳವಾಗಿ ಓದಿರಬೇಕು, ಮಗುವಿನ ತಪ್ಪು ಉತ್ತರದೊಳಗಿನ ಸರಿಯಾದ ಅಂಶವನ್ನು ಆ ಕ್ಷಣದಲ್ಲೇ ಗುರುತಿಸಬೇಕು. ಇದಲ್ಲದೆ, ಶಾಲೆಗಳು ಸಣ್ಣವಾದ್ದರಿಂದ ಒಬ್ಬರೇ ಎರಡು ಮೂರು ವಿಷಯಗಳನ್ನು ಕಲಿಸುವುದು ಸಾಮಾನ್ಯ. ಲ್ಯಾಟಿನ್ ಕಲಿಸುವ ನಾನು ಚರಿತ್ರೆಯನ್ನೂ ಕಲಿಸುತ್ತೇನೆ. ಅನೇಕ ಶಾಲೆಗಳಲ್ಲಿ ಮುಖ್ಯಸ್ಥರೂ ಕನಿಷ್ಠ ಒಂದು ತರಗತಿಗೆ ಪಾಠ ಹೇಳುತ್ತಾರೆ.

ಇದರಿಂದಾಗುವ ಒಂದು ದೊಡ್ಡ ತೊಂದರೆಯನ್ನು ಮಂಡಳಿಯ ಸದಸ್ಯರು ಅರಿತಿರಬೇಕು. ಇಲ್ಲಿನ ಸಾಮಾನ್ಯ ಶಿಕ್ಷಕರ ತರಬೇತಿ ಕಾಲೇಜುಗಳು ಈ ರೀತಿಯ ಬೋಧನೆಗೆ ಯಾರನ್ನೂ ತಯಾರು ಮಾಡುವುದಿಲ್ಲ. ಖಾಸಗಿ ಶಾಲೆಯ ಅಧ್ಯಾಪಕರು ಸರಕಾರಿ ಪರವಾನಗಿ ಪಡೆದಿರಲೇಬೇಕೆಂಬ ನಿಯಮ ಅನೇಕ ರಾಜ್ಯಗಳಲ್ಲಿ ಇಲ್ಲದ ಕಾರಣ, ಸಾಹಿತ್ಯ ಅಥವಾ ತತ್ತ್ವಶಾಸ್ತ್ರದಲ್ಲಿ ಪದವಿ ಪಡೆದ ತರುಣ ತರುಣಿಯರು ನೇರವಾಗಿ ತರಗತಿಗೆ ಬರುತ್ತಾರೆ. ಅವರಿಗೆ ವಿಷಯದ ಮೇಲೆ ಪ್ರೀತಿ ಇರುತ್ತದೆ. ಹನ್ನೆರಡು ವರ್ಷದ ಇಪ್ಪತ್ತು ಮಕ್ಕಳನ್ನು ಮಧ್ಯಾಹ್ನದ ಊಟದ ನಂತರ ಕೂರಿಸಿಕೊಂಡು ಕಲಿಸುವ ವಿದ್ಯೆ ಇರುವುದಿಲ್ಲ. ಅದನ್ನು ಅವರಿಗೆ ಶಾಲೆಯೇ ಕಲಿಸಬೇಕು, ಶಾಲೆಯೆಂದರೆ ಮುಖ್ಯಸ್ಥರೇ ಕಲಿಸಬೇಕು.

ಲೆಕ್ಕಪತ್ರ

ಮೇಡಂ ಹೇಳಿದ್ದನ್ನು ಗೌರವದಿಂದ ಓದಿದೆ. ಆದರೂ ಇನ್ನೊಂದು ಮಗ್ಗುಲನ್ನು ಮುಂದಿಡುವುದು ನನ್ನ ಕರ್ತವ್ಯ. ನಾನು ನ್ಯೂಜೆರ್ಸಿಯಲ್ಲಿ ಲೆಕ್ಕಪರಿಶೋಧಕ, ಒಂದೆರಡು ಧರ್ಮಕೇಂದ್ರಗಳ (ಸ್ಥಳೀಯ ಚರ್ಚುಗಳ) ಶಾಲಾ ಲೆಕ್ಕಗಳನ್ನು ನೋಡಿದ್ದೇನೆ.

ಅಮೆರಿಕದ ಬಿಷಪರು 1884ರಲ್ಲಿ ಬಾಲ್ಟಿಮೋರ್‌ನ ಮೂರನೆಯ ಮಹಾಸಭೆಯಲ್ಲಿ ಸೇರಿ, ಪ್ರತಿ ಧರ್ಮಕೇಂದ್ರವೂ ಎರಡು ವರ್ಷಗಳೊಳಗೆ ತನ್ನದೇ ಶಾಲೆಯನ್ನು ಹೊಂದಿರಬೇಕೆಂದು ನಿರ್ಣಯಿಸಿದರು. ಅಲ್ಲಿಂದ ಬೆಳೆದ ಈ ವ್ಯವಸ್ಥೆ 1960ರ ದಶಕದ ಮೊದಲ ಭಾಗದಲ್ಲಿ ಸುಮಾರು 13,000 ಶಾಲೆಗಳನ್ನೂ 50 ಲಕ್ಷಕ್ಕೂ ಹೆಚ್ಚು ಮಕ್ಕಳನ್ನೂ ಹೊಂದಿತ್ತು. ಇಂದು ಉಳಿದಿರುವ ಶಾಲೆಗಳು 6,000ಕ್ಕಿಂತ ಕಡಿಮೆ, ಮಕ್ಕಳು ಸುಮಾರು 17 ಲಕ್ಷ. ಇದಕ್ಕೆ ಕಾರಣಗಳು ಹಲವು, ಆದರೆ ಲೆಕ್ಕದ ಪುಸ್ತಕದಲ್ಲಿ ಕಾಣುವ ಕಾರಣ ಒಂದೇ. 1950ರಲ್ಲಿ ಈ ಶಾಲೆಗಳ ಅಧ್ಯಾಪಕರಲ್ಲಿ ನೂರಕ್ಕೆ ಸುಮಾರು 90 ಮಂದಿ ಧರ್ಮಭಗಿನಿಯರು (ಸಿಸ್ಟರುಗಳು), ಗುರುಗಳು (ಪಾದ್ರಿಗಳು) ಅಥವಾ ಮಠದ ಸಹೋದರರಾಗಿದ್ದರು. ಅವರು ಪಡೆಯುತ್ತಿದ್ದುದು ಹೆಸರಿಗಷ್ಟೇ ಸಂಬಳ. ಇಂದು ಅವರ ಪಾಲು ನೂರಕ್ಕೆ ಮೂರನ್ನೂ ಮುಟ್ಟುವುದಿಲ್ಲ. ಉಳಿದವರೆಲ್ಲ ಬಾಡಿಗೆ ಕಟ್ಟಬೇಕಾದ, ಮಕ್ಕಳನ್ನು ಸಾಕಬೇಕಾದ ಶ್ರೀಸಾಮಾನ್ಯ ವಿಶ್ವಾಸಿಗಳು. ಅವರಿಗೆ ಬದುಕುವಷ್ಟು ಸಂಬಳ ಕೊಡಲು ಶುಲ್ಕ ಏರಿಸಬೇಕು, ಶುಲ್ಕ ಏರಿದರೆ ಬಡ ಕುಟುಂಬಗಳು ಶಾಲೆ ಬಿಡುತ್ತವೆ, ಅವರನ್ನು ಉಳಿಸಿಕೊಳ್ಳಲು ದೇಣಿಗೆ ಬೇಕು.

ಈ ಸುತ್ತನ್ನು ಅರ್ಥಮಾಡಿಕೊಳ್ಳದ ಮುಖ್ಯಸ್ಥರು ಎಷ್ಟೇ ಶ್ರೇಷ್ಠ ಅಧ್ಯಾಪಕರಾಗಿದ್ದರೂ ಮೂರು ವರ್ಷಗಳಲ್ಲಿ ಶಾಲೆ ಸಂಕಟಕ್ಕೆ ಸಿಲುಕುತ್ತದೆ. ಮುಚ್ಚಿದ ಶಾಲೆಯಲ್ಲಿ ಲ್ಯಾಟಿನ್ ಕಲಿಸುವವರಾದರೂ ಯಾರು? ನಾನು ಮೊದಲನೆಯ ಅಭ್ಯರ್ಥಿಯ ಪರ.

ಚರಿತ್ರೆ ವಿದ್ಯಾರ್ಥಿ

ಬಲ್ಮಠದವರೇ, ನೀವು ಕೇಳಿರುವ ಪ್ರಶ್ನೆ ಹೊಸದಲ್ಲ. ಕಥೋಲಿಕ ಶಾಲೆಗಳ ಚರಿತ್ರೆಯಲ್ಲಿ ಇದಕ್ಕೊಂದು ಖಚಿತವಾದ ಉತ್ತರ ದಾಖಲಾಗಿದೆ. ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ, ಕ್ಷಮೆಯಿರಲಿ.

ಯೇಸುಸಭೆಯ ಗುರುಗಳು (ಜೆಸ್ವಿಟರು) ಹೊರಗಿನ ವಿದ್ಯಾರ್ಥಿಗಳಿಗಾಗಿ ಮೊದಲ ಶಾಲೆ ತೆರೆದದ್ದು 1548ರಲ್ಲಿ, ಸಿಸಿಲಿಯ ಮೆಸ್ಸಿನಾದಲ್ಲಿ. ಸಭೆಯ ಸ್ಥಾಪಕ ಸಂತ ಇಗ್ನೇಷಿಯಸರು ಅಲ್ಲಿಗೆ ಕಳುಹಿಸಿದ ಹತ್ತು ಜನರಲ್ಲಿ ಜೆರೋಮ್ ನದಾಲ್ ಮತ್ತು ಪೀಟರ್ ಕನೀಸಿಯಸ್ ಇದ್ದರು. ಅಂದರೆ ಸಭೆಯ ಅತ್ಯಂತ ಸಮರ್ಥರನ್ನೇ ಅವರು ಶಾಲೆಗೆ ಆರಿಸಿದ್ದರು. 1551ರಲ್ಲಿ ರೋಮಿನಲ್ಲಿ ತೆರೆದ ಶಾಲೆಯ ಬಾಗಿಲ ಮೇಲೆ, ಇಲ್ಲಿ ವ್ಯಾಕರಣ, ಮಾನವಿಕ ವಿದ್ಯೆ ಮತ್ತು ಕ್ರೈಸ್ತ ಧರ್ಮೋಪದೇಶವನ್ನು ಉಚಿತವಾಗಿ ಕಲಿಸಲಾಗುವುದೆಂದು ಬರೆದಿತ್ತು. ಶಾಲೆಗಳು ವೇಗವಾಗಿ ಹೆಚ್ಚಿದಂತೆ ಅಧ್ಯಾಪಕರ ಕೊರತೆ, ಮಟ್ಟದ ಕುಸಿತ, ಅಧಿಕಾರದ ಗೊಂದಲ ಎಲ್ಲವೂ ಬಂದವು. 1586 ಮತ್ತು 1591ರಲ್ಲಿ ಕರಡುಗಳನ್ನು ತಯಾರಿಸಿ, ಶಾಲೆಗಳಿಗೆ ಕಳುಹಿಸಿ, ಅಧ್ಯಾಪಕರ ಆಕ್ಷೇಪಣೆಗಳನ್ನು ಆಲಿಸಿ, ಮಹಾಧಿಪತಿ ಕ್ಲಾಡಿಯೊ ಅಕ್ವಾವಿವಾ ಅವರ ಕಾಲದಲ್ಲಿ, 1599ರಲ್ಲಿ, ಅಂತಿಮ ಅಧ್ಯಯನ ಕ್ರಮವನ್ನು ಹೊರಡಿಸಿದರು. ರೇಷಿಯೊ ಸ್ಟುಡಿಯೋರಮ್ ಎಂದು ಪ್ರಸಿದ್ಧವಾದದ್ದು ಅದೇ.

ಇಂದಿನ ಓದುಗರು ಆ ದಾಖಲೆಯನ್ನು ಪಠ್ಯಕ್ರಮದ ಪಟ್ಟಿ ಎಂದು ಭಾವಿಸಿ ತೆರೆಯುತ್ತಾರೆ. ತೆರೆದರೆ ಕಾಣುವುದು ಬಹುಮಟ್ಟಿಗೆ ವ್ಯಕ್ತಿಗಳ ಕರ್ತವ್ಯಗಳು: ಪ್ರಾಂತಾಧಿಪತಿಯ ನಿಯಮಗಳು, ರೆಕ್ಟರರ ನಿಯಮಗಳು, ಅಧ್ಯಯನಗಳ ಪ್ರಿಫೆಕ್ಟರ ನಿಯಮಗಳು, ಆಮೇಲೆ ಒಂದೊಂದು ತರಗತಿಯ ಅಧ್ಯಾಪಕರ ನಿಯಮಗಳು. ಯಾರು ಯಾವುದಕ್ಕೆ ಹೊಣೆ ಎಂಬುದನ್ನು ಮೊದಲು ಗಟ್ಟಿ ಮಾಡಿ, ಏನು ಕಲಿಸಬೇಕೆಂಬುದನ್ನು ಆ ಹೊಣೆಗಾರಿಕೆಯೊಳಗೆ ಸೇರಿಸಿದ್ದಾರೆ. ನನ್ನ ದೃಷ್ಟಿಯಲ್ಲಿ ಆ ಶಾಲೆಗಳು ಸಭೆಯ ವಿಸರ್ಜನೆಯಾದ 1773ರವರೆಗೆ ಬೆಳೆದು ಏಳುನೂರನ್ನೂ ಮೀರಿದ್ದಕ್ಕೆ ಇದೇ ಮುಖ್ಯ ಕಾರಣ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅವರು ಆಡಳಿತಗಾರರನ್ನೂ ಅಧ್ಯಾಪಕರನ್ನೂ ಒಬ್ಬನೇ ವ್ಯಕ್ತಿಯಲ್ಲಿ ಹುಡುಕಲಿಲ್ಲ. ಮನೆ, ಹಣ, ಶಿಸ್ತು, ಹೊರಗಿನ ಸಂಬಂಧಗಳು ಎಲ್ಲಕ್ಕೂ ರೆಕ್ಟರ್ ಹೊಣೆ; ಪಾಠ, ಪರೀಕ್ಷೆ, ಅಧ್ಯಾಪಕರ ಗುಣಮಟ್ಟ ಇವುಗಳಲ್ಲಿ ಅವರ ಬಲಗೈಯಾಗಿ ಪ್ರಿಫೆಕ್ಟ್. ಪ್ರಿಫೆಕ್ಟ್ ರೆಕ್ಟರರ ಅಧೀನ. ಆದರೆ ರೆಕ್ಟರ್ ತರಗತಿಯಿಂದ ದೂರ ಉಳಿಯುವ ಹಾಗೂ ಇರಲಿಲ್ಲ: ಇತರ ಕೆಲಸಗಳನ್ನು ಹೊಂದಿಸಿಕೊಂಡು, ಆಗಾಗ ತರಗತಿಗಳಿಗೆ, ಅದರಲ್ಲೂ ಕೆಳಗಿನ ತರಗತಿಗಳಿಗೂ, ಭೇಟಿ ಕೊಡಬೇಕೆಂದು ಅವರ ನಿಯಮಗಳಲ್ಲೇ ಇದೆ. ಕೆಳ ತರಗತಿಗಳ ಪ್ರಿಫೆಕ್ಟರಿಗಂತೂ ಪ್ರತಿ ಅಧ್ಯಾಪಕರ ಪಾಠವನ್ನು ಕನಿಷ್ಠ ಹದಿನೈದು ದಿನಗಳಿಗೊಮ್ಮೆ ಕುಳಿತು ಕೇಳುವ ವಿಧಿಯಿತ್ತು. ಇಂದು ಎಷ್ಟು ಶಾಲೆಗಳಲ್ಲಿ ಇದು ನಡೆಯುತ್ತದೆ?

ಇನ್ನೊಂದು ನಿಯಮ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಓದು ಮುಗಿಸಿ ಇನ್ನೇನು ಅಧ್ಯಾಪಕರಾಗಲಿರುವವರು ಅನನುಭವಿಗಳಾಗಿ ತರಗತಿಗೆ ಹೋಗಬಾರದೆಂದು, ಬೋಧನೆಯಲ್ಲಿ ಬಹಳ ಪಳಗಿದ ಒಬ್ಬರ ಬಳಿ ವಾರಕ್ಕೆ ಮೂರು ಸಲ, ಒಂದೊಂದು ಗಂಟೆ, ಪಾಠ ವಿವರಿಸುವುದನ್ನೂ ಬರಹ ತಿದ್ದುವುದನ್ನೂ ಅಭ್ಯಾಸ ಮಾಡಬೇಕೆಂದು ರೆಕ್ಟರರಿಗೆ ಸೂಚಿಸಲಾಗಿದೆ. ಲ್ಯಾಟಿನ್ ಟೀಚರ್ ಅವರು ಮೇಲೆ ಹೇಳಿದ ತೊಂದರೆ ಆಗಲೂ ಇತ್ತು, ಅದಕ್ಕೆ ಅವರು ಕಂಡುಕೊಂಡ ಪರಿಹಾರ ಇದು.

ಈ ಎರಡು ಹುದ್ದೆಗಳ ವ್ಯವಸ್ಥೆ ನಿಮ್ಮ ಊರಿನಲ್ಲೇ ಕಾಣುತ್ತದೆ. ಇಟಲಿಯ ಯೇಸುಸಭೆಯ ಗುರುಗಳು 1878ರ ಕೊನೆಯಲ್ಲಿ ಮಂಗಳೂರಿಗೆ ಬಂದು, 1880ರಲ್ಲಿ ಆರಂಭಿಸಿದ ಸಂತ ಅಲೋಶಿಯಸ್ ಸಂಸ್ಥೆಯಲ್ಲಿ ರೆಕ್ಟರ್ ಬೇರೆ, ಪ್ರಾಂಶುಪಾಲರು ಬೇರೆ ಎಂಬ ಪದ್ಧತಿ ಬೆಳೆದು ಬಂದಿದೆ.

ಬಲ್ಮಠದವಳು

ಈ ಉತ್ತರಕ್ಕೆ ತುಂಬ ಕೃತಜ್ಞತೆಗಳು. ರೆಕ್ಟರರು ಎಂಬ ಹೆಸರನ್ನು ಬಾಲ್ಯದಿಂದ ಕೇಳಿದ್ದೆವು, ಅದರ ಹಿಂದೆ ಇಂಥ ವಿಚಾರವಿದೆಯೆಂದು ತಿಳಿದಿರಲಿಲ್ಲ. ಆದರೆ ಸಣ್ಣ ಶಾಲೆಯೊಂದು ಎರಡು ಸಂಬಳಗಳನ್ನು ಹೇಗೆ ಭರಿಸುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ.

ಲೆಕ್ಕಪತ್ರ ಅವರ ವಾದಕ್ಕೆ ಇನ್ನೊಂದು ಮಾತು ಸೇರಿಸಬೇಕಾಗಿದೆ. ವಾಷಿಂಗ್ಟನ್ ನಗರದ ಅಂಚಿನಲ್ಲಿ, ಮೇರಿಲ್ಯಾಂಡಿನ ಹಯಟ್ಸ್‌ವಿಲ್‌ನಲ್ಲಿ, ಸಂತ ಜೆರೋಮರ ಧರ್ಮಕೇಂದ್ರದ ಶಾಲೆಯಿದೆ. ಮಕ್ಕಳ ಸಂಖ್ಯೆ ಕುಸಿದು, ಸಾಲ ಬೆಳೆದು, ಮುಚ್ಚುವ ಭೀತಿ ಎದುರಾದಾಗ ಅವರು ಶುಲ್ಕವನ್ನೋ ಜಾಹೀರಾತನ್ನೋ ಮಾತ್ರ ನೆಚ್ಚಲಿಲ್ಲ. ಧರ್ಮಕೇಂದ್ರದ ವಿದ್ವಾಂಸರು ಮತ್ತು ಪೋಷಕರು ಪ್ರಾಂಶುಪಾಲೆ ಮೇರಿ ಪ್ಯಾಟ್ ಡೊನಹ್ಯೂ ಅವರ ಜೊತೆ ಕುಳಿತು, ಶಿಕ್ಷಣ ಯಾತಕ್ಕಾಗಿ ಎಂಬಲ್ಲಿಂದ ಆರಂಭಿಸಿ ಒಂದು ಶಿಕ್ಷಣ ಯೋಜನೆಯನ್ನು ಬರೆದರು, 2010ರಲ್ಲಿ ಶಾಲೆ ಕ್ಲಾಸಿಕಲ್ ಶಾಲೆಯಾಯಿತು, ಮಕ್ಕಳು ಮತ್ತೆ ಬಂದರು. ಆ ಯೋಜನೆಯನ್ನು ಇಂದು ದೇಶದ ಹಲವೆಡೆಯ ಶಾಲೆಗಳು ಓದುತ್ತವೆ. ಆ ಪ್ರಾಂಶುಪಾಲೆ ಮುಂದೆ ಅಮೆರಿಕದ ಬಿಷಪರ ಮಂಡಳಿಯ ಶಿಕ್ಷಣ ವಿಭಾಗಕ್ಕೆ ಮುಖ್ಯಸ್ಥೆಯಾದರು. ಅಲ್ಲಿ ಶಾಲೆಯ ಹಣಕಾಸನ್ನು ಉಳಿಸಿದ್ದು ಪಾಠದ ಬಗ್ಗೆ ತೆಗೆದುಕೊಂಡ ತೀರ್ಮಾನ. ಹಾಗಿರುವಾಗ ಪಾಠವನ್ನೂ ಹಣವನ್ನೂ ಎರಡು ಬೇರೆ ಬೇರೆ ಲೋಕಗಳೆಂದು ನೋಡುವುದು ಸರಿಯೆನಿಸುವುದಿಲ್ಲ.

ಲೆಕ್ಕಪತ್ರ

ಸಂತ ಜೆರೋಮ್ ಶಾಲೆಯ ಉದಾಹರಣೆಯನ್ನು ಒಪ್ಪುತ್ತೇನೆ. ಆದರೆ ಅಲ್ಲಿ ಪ್ರಾಂಶುಪಾಲರ ಹಿಂದೆ ಧರ್ಮಕೇಂದ್ರವಿತ್ತು, ಅದರ ಗುರುಗಳಿದ್ದರು, ಮಹಾಧರ್ಮಪ್ರಾಂತ್ಯದ ಕಚೇರಿಯಿತ್ತು. ನಿಮ್ಮ ಶಾಲೆ ಸ್ವತಂತ್ರ ಶಾಲೆ. ಅಲ್ಲಿ ಮುಖ್ಯಸ್ಥರ ಹಿಂದೆ ಇರುವುದು ನಿಮ್ಮ ಮಂಡಳಿ ಮಾತ್ರ. ಆದ್ದರಿಂದ ಎರಡನೆಯವರನ್ನು ಆರಿಸುವುದಾದರೆ ಹಣದ ಹೊಣೆಯನ್ನು ಮಂಡಳಿಯೇ ಹೆಗಲಿಗೆ ಹೊತ್ತುಕೊಳ್ಳಬೇಕು, ಅರ್ಧಕಾಲಿಕ ಲೆಕ್ಕಾಧಿಕಾರಿಯನ್ನಾದರೂ ನೇಮಿಸಬೇಕು. ಅದು ಪೂರ್ಣಾವಧಿಯ ಎರಡನೆಯ ಸಂಬಳಕ್ಕಿಂತ ಬಹಳ ಕಡಿಮೆ ಖರ್ಚಿನದು. ಈ ಷರತ್ತು ಒಪ್ಪಿಗೆಯಾದರೆ ನನ್ನ ವಿರೋಧ ಇರುವುದಿಲ್ಲ.

ಸಿಸ್ಟರ್, ಜೆಪ್ಪು

ಪ್ರಿಯರೇ, ನಾನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಶಾಲೆಗಳಲ್ಲಿ ಕಳೆದವಳು, ಕೆಲಕಾಲ ಅಮೆರಿಕದ ಕಾನ್ವೆಂಟಿನಲ್ಲಿಯೂ ಇದ್ದೆ. ಧರ್ಮಭಗಿನಿಯರು ಕಡಿಮೆ ಸಂಬಳಕ್ಕೆ ದುಡಿದರೆಂಬ ಮಾತು ಮೇಲೆ ಬಂದಿದೆ. ಅದು ನಿಜ. ಅದರ ಜೊತೆಗೆ ಹೇಳಬೇಕಾದ ಇನ್ನೊಂದು ನಿಜವೂ ಇದೆ.

ಆ ಕಾಲದ ಅಮೆರಿಕದಲ್ಲಿ ಶಾಲೆಗಳಿಗೆ ಬೇಡಿಕೆ ಎಷ್ಟಿತ್ತೆಂದರೆ, ಹದಿನೆಂಟು ಹತ್ತೊಂಬತ್ತು ವಯಸ್ಸಿನ ಭಗಿನಿಯರನ್ನು ಪದವಿ ಮುಗಿಯುವ ಮೊದಲೇ ಐವತ್ತು ಅರವತ್ತು ಮಕ್ಕಳ ತರಗತಿಗೆ ಕಳುಹಿಸುತ್ತಿದ್ದರು. ಅವರು ಬೇಸಿಗೆ ರಜೆಗಳಲ್ಲಿ ಒಂದೊಂದೇ ವಿಷಯ ಓದುತ್ತ ಪದವಿ ಮುಗಿಸಲು ಇಪ್ಪತ್ತು ವರ್ಷಗಳು ಹಿಡಿಯುತ್ತಿದ್ದವು. 1949ರಲ್ಲಿ ಸಿಸ್ಟರ್ ಮಡಲೇವಾ ವೂಲ್ಫ್ ಅವರು ಕಥೋಲಿಕ ಶಿಕ್ಷಣ ಸಂಘದ ಸಮ್ಮೇಳನದಲ್ಲಿ ಈ ವಿಷಯವನ್ನು ಬಹಿರಂಗವಾಗಿ ಎತ್ತಿದರು: ಹೊರಗಿನ ಅಧ್ಯಾಪಕಿಗೆ ಬೇಕಾದ ಪದವಿ ಭಗಿನಿಗೆ ಏಕೆ ಬೇಡ? 1951ರಲ್ಲಿ ಹನ್ನೆರಡನೆಯ ಪಿಯೂಸ್ ಜಗದ್ಗುರುಗಳು (ಪೋಪ್) ಬೋಧಕ ಭಗಿನಿಯರಿಗೆ ಸರಿಯಾದ ವಿದ್ಯಾಭ್ಯಾಸ ಸಿಗಬೇಕೆಂದು ಒತ್ತಿ ಹೇಳಿದರು. 1954ರಲ್ಲಿ ಭಗಿನಿಯರ ತರಬೇತಿಗಾಗಿಯೇ ಒಂದು ಸಂಘಟನೆ ರೂಪುಗೊಂಡಿತು, ಮಠಗಳು ತಮ್ಮ ಸದಸ್ಯೆಯರನ್ನು ಪೂರ್ಣ ವಿದ್ಯಾಭ್ಯಾಸ ಮುಗಿಯುವವರೆಗೆ ತಡೆದು ಇಟ್ಟುಕೊಳ್ಳಲು ಧೈರ್ಯ ತಂದುಕೊಂಡವು.

ಇದನ್ನು ಏಕೆ ನೆನಪಿಸುತ್ತಿದ್ದೇನೆಂದರೆ, ಭಕ್ತಿ ಇದ್ದರೆ ಸಾಕು, ಪಾಠ ತಾನಾಗಿ ಬರುತ್ತದೆ ಎಂಬ ಭಾವನೆಯಿಂದ ನಮ್ಮ ಸಂಸ್ಥೆಗಳು ಬಹಳ ನೋವು ತಿಂದಿವೆ. ಹೊಸ ಕ್ಲಾಸಿಕಲ್ ಶಾಲೆಗಳಲ್ಲಿ ಉತ್ಸಾಹಿ ತರುಣರನ್ನು ಅದೇ ಭಾವನೆಯಿಂದ ಬಳಸಿಕೊಳ್ಳುವುದನ್ನು ಕಂಡಿದ್ದೇನೆ. ದಿನಕ್ಕೆ ಆರು ಪಾಠ, ಸಂಜೆ ನಾಟಕದ ತಾಲೀಮು, ಶನಿವಾರ ಪ್ರವೇಶಾತಿಯ ಕಾರ್ಯಕ್ರಮ, ಕೇಳಿದರೆ ಇದೊಂದು ದೈವಕರೆ ಎಂಬ ಉತ್ತರ. ಮದುವೆಯಾಗಿ ಒಂದು ಮಗುವಾಗುವ ಹೊತ್ತಿಗೆ ಅವರು ಕೆಲಸ ಬಿಡುತ್ತಾರೆ, ಮತ್ತೆ ಹೊಸಬರು ಬರುತ್ತಾರೆ. ಅಧ್ಯಾಪಕರು ಹೀಗೆ ಬಂದು ಹೋಗುತ್ತಿದ್ದರೆ ಅಲ್ಲಿ ಯಾವ ಪರಂಪರೆ ನಿಲ್ಲುತ್ತದೆ? ಕಥೋಲಿಕ ಶಾಲೆ ತನ್ನ ಗುರಿ ಮುಟ್ಟುವುದು ಬಹುಮಟ್ಟಿಗೆ ಅಧ್ಯಾಪಕರನ್ನೇ ಅವಲಂಬಿಸಿದೆ ಎಂದು ಜಗತ್ತಿನ ಕಥೋಲಿಕ ಬಿಷಪರು ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಶಿಕ್ಷಣದ ಘೋಷಣೆಯಲ್ಲಿ ಹೇಳಿದೆ. ಆ ಮಾತನ್ನು ಅಧ್ಯಾಪಕರ ಮೇಲಿನ ಹೊರೆಯಾಗಿ ಓದುವವರೇ ಹೆಚ್ಚು. ಅದನ್ನು ಆಡಳಿತ ಮಂಡಳಿಯ ಮೇಲಿನ ಹೊಣೆಯಾಗಿಯೂ ಓದಬೇಕು.

ಮಗಳೇ, ನೀನು ಅಭ್ಯರ್ಥಿಗಳಿಬ್ಬರನ್ನೂ ಈ ಒಂದು ಪ್ರಶ್ನೆ ಕೇಳು: ನೀವು ಹಿಂದೆ ಇದ್ದ ಶಾಲೆಯಲ್ಲಿ ನಿಮ್ಮ ಕೈಕೆಳಗೆ ಅಧ್ಯಾಪಕರಾಗಿ ಬೆಳೆದವರು ಯಾರು, ಅವರು ಈಗ ಎಲ್ಲಿದ್ದಾರೆ?

ನಿವೃತ್ತ ಹೆಡ್‌ಮಾಸ್ಟರ್, ತೀರ್ಥಹಳ್ಳಿ

ಸಿಸ್ಟರ್, ತಮ್ಮ ಪ್ರಶ್ನೆಗಿಂತ ಒಳ್ಳೆಯ ಸಂದರ್ಶನದ ಪ್ರಶ್ನೆಯನ್ನು ನಾನು ಕೇಳಿಲ್ಲ. ನಮ್ಮ ಸರಕಾರಿ ಶಾಲೆಗಳಿಗೂ ಅದು ಪೂರ್ತಿಯಾಗಿ ಅನ್ವಯಿಸುತ್ತದೆ.

ವಕೀಲ, ಬೆಂಗಳೂರು

ಅಧ್ಯಾಪಕರ ಭದ್ರತೆಯ ಮಾತು ಬಂದದ್ದರಿಂದ ಕಾನೂನಿನ ಸ್ಥಿತಿಯನ್ನು ವಿವರಿಸುವುದು ಉಪಯುಕ್ತವಾಗಬಹುದು.

ಅಮೆರಿಕದ ಸುಪ್ರೀಂ ಕೋರ್ಟು 2012ರಲ್ಲಿ ಮಿಷಿಗನ್‌ನ ಒಂದು ಲೂಥರನ್ ಶಾಲೆಯ ಪ್ರಕರಣದಲ್ಲಿ ಸರ್ವಾನುಮತದಿಂದ ತೀರ್ಪಿತ್ತು, ಧಾರ್ಮಿಕ ಸೇವಕರೆನಿಸಿದವರ ನೇಮಕ ಮತ್ತು ವಜಾ ವಿಷಯದಲ್ಲಿ ಉದ್ಯೋಗ ತಾರತಮ್ಯದ ಕಾನೂನುಗಳು ಧಾರ್ಮಿಕ ಸಂಸ್ಥೆಯ ಮೇಲೆ ಅನ್ವಯಿಸುವುದಿಲ್ಲವೆಂದು ಹೇಳಿತು. 2020ರಲ್ಲಿ ಲಾಸ್ ಏಂಜಲೀಸ್ ಪ್ರದೇಶದ ಎರಡು ಕಥೋಲಿಕ ಪ್ರಾಥಮಿಕ ಶಾಲೆಗಳ ಪ್ರಕರಣದಲ್ಲಿ, ಏಳು ಮತ್ತು ಎರಡರ ಬಹುಮತದಿಂದ, ಅದೇ ತತ್ತ್ವವನ್ನು ಧರ್ಮೋಪದೇಶ ಕಲಿಸುವ, ಮಕ್ಕಳೊಂದಿಗೆ ಪ್ರಾರ್ಥಿಸುವ ಸಾಮಾನ್ಯ ತರಗತಿ ಅಧ್ಯಾಪಕರಿಗೂ ವಿಸ್ತರಿಸಿತು. ಆ ಪ್ರಕರಣಗಳಲ್ಲಿ ಒಬ್ಬರ ದೂರು ವಯಸ್ಸಿನ ಕಾರಣಕ್ಕೆ ಹೊರಹಾಕಿದರೆಂಬುದು, ಇನ್ನೊಬ್ಬರದು ಕ್ಯಾನ್ಸರ್ ಚಿಕಿತ್ಸೆಗೆ ರಜೆ ಕೇಳಿದ್ದಕ್ಕೆ ಹೊರಹಾಕಿದರೆಂಬುದು. ದೂರುಗಳು ನಿಜವೇ ಸುಳ್ಳೇ ಎಂಬ ವಿಚಾರಣೆಗೇ ಅವಕಾಶವಾಗಲಿಲ್ಲ. ನಂಬಿಕೆಯೇ ಪಾಠದ ಒಳಗೆಲ್ಲ ಹರಡಿರುವ ಕ್ಲಾಸಿಕಲ್ ಶಾಲೆಯಲ್ಲಿ ಬಹುಪಾಲು ಅಧ್ಯಾಪಕರು ಈ ತೀರ್ಪಿನ ವ್ಯಾಪ್ತಿಗೆ ಬರುವ ಸಾಧ್ಯತೆ ಹೆಚ್ಚು.

ನಮ್ಮಲ್ಲಿ ಸಂವಿಧಾನದ 30(1)ನೆಯ ವಿಧಿಯಡಿ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ತಮ್ಮ ಮುಖ್ಯಸ್ಥರನ್ನು ತಾವೇ ಆರಿಸುವ ಹಕ್ಕಿದೆ. 1998ರ ಎನ್. ಅಮ್ಮದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮುಖ್ಯೋಪಾಧ್ಯಾಯರ ಹುದ್ದೆಯನ್ನು ಚಕ್ರದ ಅರೆಕಾಲುಗಳೆಲ್ಲ ಸೇರುವ ನಡುಭಾಗಕ್ಕೆ ಹೋಲಿಸಿತು. 2006ರಲ್ಲಿ ಮಲಂಕರ ಸಿರಿಯನ್ ಕಥೋಲಿಕ ಕಾಲೇಜಿನ ಪ್ರಕರಣದಲ್ಲಿ ಪ್ರಾಂಶುಪಾಲರ ಆಯ್ಕೆಯ ಹಕ್ಕನ್ನು ಅನುದಾನಿತ ಸಂಸ್ಥೆಗಳಿಗೂ ಎತ್ತಿಹಿಡಿಯಿತು. ಆದರೂ ಅಧ್ಯಾಪಕರ ಅರ್ಹತೆ, ಸೇವಾ ಷರತ್ತುಗಳ ಬಗ್ಗೆ ಸರಕಾರ ನ್ಯಾಯವಾದ ನಿಯಮ ಮಾಡಬಹುದು. ಕರ್ನಾಟಕ ಶಿಕ್ಷಣ ಕಾಯ್ದೆಯ ಅಡಿಯಲ್ಲಿ ವಜಾಗೊಂಡ ಅಧ್ಯಾಪಕರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ಅಮೆರಿಕದಲ್ಲಿ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ.

ಆದ್ದರಿಂದ ಬಲ್ಮಠದವರಿಗೆ ನನ್ನ ವಿನಂತಿ: ನೀವು ಆರಿಸುವ ಮುಖ್ಯಸ್ಥರ ಕೈಯಲ್ಲಿ ಹೊರಗಿನ ನ್ಯಾಯಾಲಯ ಸುಲಭವಾಗಿ ಪ್ರಶ್ನಿಸಲಾಗದ ಅಧಿಕಾರವಿರುತ್ತದೆ. ಅಧ್ಯಾಪಕರನ್ನು ತೆಗೆಯುವ ಮುನ್ನ ಲಿಖಿತ ಕಾರಣ, ಉತ್ತರಿಸಲು ಅವಕಾಶ, ಮಂಡಳಿಯ ಒಂದು ಉಪಸಮಿತಿಗೆ ಮನವಿ, ಇಷ್ಟನ್ನಾದರೂ ಶಾಲೆಯ ನಿಯಮಾವಳಿಯಲ್ಲೇ ಬರೆದಿಡಿ. ಕಾನೂನು ಬಲವಂತ ಮಾಡದ ಕಡೆ ನ್ಯಾಯವನ್ನು ಪಾಲಿಸುವುದು ಕ್ರೈಸ್ತ ಶಾಲೆಗೆ ಇನ್ನೂ ಹೆಚ್ಚಿನ ಕರ್ತವ್ಯವಲ್ಲವೆ?

ಚರಿತ್ರೆ ವಿದ್ಯಾರ್ಥಿ

ವಕೀಲರ ಮಾತಿಗೆ ಪೂರಕವಾಗಿ, ಧರ್ಮಸಭೆಯ (ಕಥೋಲಿಕ ಚರ್ಚಿನ) 1983ರ ಕಾನೂನು ಸಂಹಿತೆಯೂ ಮುಖ್ಯಸ್ಥರ ಮೇಲೆ ನೇರವಾದ ಹೊಣೆ ಹೊರಿಸುತ್ತದೆ. 803ನೆಯ ವಿಧಿ ಅಧ್ಯಾಪಕರು ಸರಿಯಾದ ಬೋಧೆಯಲ್ಲೂ ನಡತೆಯ ಪ್ರಾಮಾಣಿಕತೆಯಲ್ಲೂ ಎದ್ದು ಕಾಣುವವರಾಗಿರಬೇಕೆನ್ನುತ್ತದೆ, ಧರ್ಮಸಭೆಯ ಅಧಿಕಾರಿಯ ಒಪ್ಪಿಗೆಯಿಲ್ಲದೆ ಯಾವ ಶಾಲೆಯೂ ಕಥೋಲಿಕ ಎಂಬ ಹೆಸರನ್ನು ಹೊರುವಂತಿಲ್ಲವೆನ್ನುತ್ತದೆ. 806ನೆಯ ವಿಧಿಯ ಪ್ರಕಾರ ಕಥೋಲಿಕ ಶಾಲೆಯ ಬೋಧನಮಟ್ಟ ಆ ಪ್ರದೇಶದ ಇತರ ಶಾಲೆಗಳಿಗೆ ಕನಿಷ್ಠ ಸಮನಾಗಿ ಇರುವಂತೆ ಅದರ ಮುಖ್ಯಸ್ಥರು ನೋಡಿಕೊಳ್ಳಬೇಕು. ಗಮನಿಸಿ, ಧರ್ಮಪ್ರಾಂತ್ಯದ ಬಿಷಪರಿಗೆ ಭೇಟಿಯ ಮತ್ತು ಮೇಲ್ವಿಚಾರಣೆಯ ಹಕ್ಕನ್ನು ಕೊಟ್ಟ ಅದೇ ವಿಧಿ, ಬೋಧನಮಟ್ಟದ ಕೆಲಸವನ್ನು ಶಾಲೆಯ ಮುಖ್ಯಸ್ಥರಿಗೇ ವಹಿಸಿದೆ. ಪಾಠದ ಗುಣಮಟ್ಟವನ್ನು ಅಳೆಯಲಾಗದವರು ಆ ಹೊಣೆಯನ್ನು ಹೇಗೆ ನಿರ್ವಹಿಸುತ್ತಾರೆ?

ಕಲಬುರಗಿಯ ಗಣಿತ ಮೇಷ್ಟ್ರು

ನಾನು ಈ ವಿಷಯಕ್ಕೆ ಹೊರಗಿನವನು, ಕ್ರೈಸ್ತನೂ ಅಲ್ಲ. ಎರಡು ಪ್ರಶ್ನೆಗಳಿವೆ. ಅಂಥ ಶಾಲೆಯಲ್ಲಿ ಬೇರೆ ಮತದ ಅಧ್ಯಾಪಕರಿಗೆ ಸ್ಥಾನವಿದೆಯೆ? ಮತ್ತೆ, ಇಷ್ಟು ಹೊತ್ತೂ ಲ್ಯಾಟಿನ್ ಮತ್ತು ಸಾಹಿತ್ಯದ ಮಾತೇ ನಡೆದಿದೆಯಲ್ಲ, ಗಣಿತ ವಿಜ್ಞಾನಗಳನ್ನು ಕಲಿಸುವವರ ಸ್ಥಾನಮಾನ ಅಲ್ಲಿ ಏನು?

ಲ್ಯಾಟಿನ್ ಟೀಚರ್, ಟೆಕ್ಸಸ್

ಮೇಷ್ಟ್ರೇ, ಮೊದಲ ಪ್ರಶ್ನೆಗೆ: ಶಾಲೆಯಿಂದ ಶಾಲೆಗೆ ಭೇದವಿದೆ. ಧರ್ಮೋಪದೇಶ ಕಲಿಸುವವರು ಕಥೋಲಿಕರೇ ಆಗಿರುತ್ತಾರೆ, ಅವರ ನೇಮಕವನ್ನು ಒಪ್ಪುವ ಹಕ್ಕು ಬಿಷಪರಿಗಿದೆ. ಉಳಿದ ವಿಷಯಗಳಲ್ಲಿ ಶಾಲೆಯ ಧ್ಯೇಯವನ್ನು ಗೌರವಿಸುವ ಇತರರನ್ನು ನೇಮಿಸುವ ಶಾಲೆಗಳಿವೆ, ಎಲ್ಲ ಅಧ್ಯಾಪಕರೂ ವರ್ಷದ ಆರಂಭದಲ್ಲಿ ವಿಶ್ವಾಸ ಪ್ರಮಾಣ ಮಾಡಬೇಕೆನ್ನುವ ಶಾಲೆಗಳೂ ಇವೆ.

ಎರಡನೆಯದು ನಿಜವಾಗಿಯೂ ನಮ್ಮ ದುರ್ಬಲ ಜಾಗ. ಅನೇಕ ಕ್ಲಾಸಿಕಲ್ ಶಾಲೆಗಳಲ್ಲಿ ಸಾಹಿತ್ಯದ ಅಧ್ಯಾಪಕರನ್ನು ಶಾಲೆಯ ಹೃದಯವೆಂದು ಕಾಣುತ್ತಾರೆ, ಗಣಿತದ ಅಧ್ಯಾಪಕರನ್ನು ಅನಿವಾರ್ಯವೆಂದು ಇಟ್ಟುಕೊಳ್ಳುತ್ತಾರೆ. ಏಳು ವಿದ್ಯೆಗಳಲ್ಲಿ ನಾಲ್ಕು ಸಂಖ್ಯೆಗೆ ಸೇರಿದವೆಂಬುದನ್ನು ಮರೆತ ಶಾಲೆ ತನ್ನ ಹೆಸರಿಗೇ ನ್ಯಾಯ ಸಲ್ಲಿಸುವುದಿಲ್ಲ. ಯೂಕ್ಲಿಡನ ಒಂದು ಪ್ರಮೇಯವನ್ನು ಮಕ್ಕಳೇ ಹಲಗೆಯ ಮುಂದೆ ನಿಂತು ಸಾಧಿಸುವ ತರಗತಿಗೆ ನಾನು ಹೋಗಿ ಕುಳಿತಿದ್ದೇನೆ. ನನ್ನ ಲ್ಯಾಟಿನ್ ತರಗತಿಗಿಂತ ಹೆಚ್ಚು ಶಿಸ್ತಿನ ಯೋಚನೆ ಅಲ್ಲಿ ನಡೆಯುತ್ತಿತ್ತು.

ಚರಿತ್ರೆ ವಿದ್ಯಾರ್ಥಿ

ಮೇಷ್ಟ್ರ ಪ್ರಶ್ನೆಯನ್ನು ನಾಲ್ಕು ಶತಮಾನಗಳ ಹಿಂದೆ ರೋಮಿನ ಅದೇ ಶಾಲೆಯ ಕ್ರಿಸ್ಟೋಫರ್ ಕ್ಲಾವಿಯಸ್ ಎತ್ತಿದ್ದರು. ಇಂದು ಬಳಕೆಯಲ್ಲಿರುವ ಗ್ರೆಗರಿ ಪಂಚಾಂಗದ (ಇಂಗ್ಲಿಷ್ ಕ್ಯಾಲೆಂಡರಿನ) ಸುಧಾರಣೆಯಲ್ಲಿ ದುಡಿದ ಅವರು 1612ರಲ್ಲಿ ತೀರಿಕೊಳ್ಳುವವರೆಗೆ ಹಲವು ದಶಕಗಳ ಕಾಲ ಅಲ್ಲಿ ಗಣಿತಕ್ಕಾಗಿಯೇ ಬದುಕಿದರು. ಗಣಿತದ ಅಧ್ಯಾಪಕರನ್ನು ಇತರ ಅಧ್ಯಾಪಕರಷ್ಟೇ ಗೌರವದಿಂದ ಸಾರ್ವಜನಿಕ ವಾದಸಭೆಗಳಿಗೆ ಕರೆಯಬೇಕು, ಹಾಗೆ ಕರೆಯದಿದ್ದರೆ ವಿದ್ಯಾರ್ಥಿಗಳು ಆ ವಿದ್ಯೆಯನ್ನೇ ಹಗುರವಾಗಿ ಕಾಣುತ್ತಾರೆ ಎಂದು ಅವರು ಮೇಲಿನವರಿಗೆ ಬರೆದರು. ಚೀನಾಕ್ಕೆ ಯೂಕ್ಲಿಡನ ಗ್ರಂಥವನ್ನು ಕೊಂಡೊಯ್ದ ಮತ್ತೆಯೊ ರಿಚ್ಚಿ ಅವರ ಶಿಷ್ಯರು. ಅಧ್ಯಾಪಕರೊಬ್ಬರನ್ನು ಅಷ್ಟು ವರ್ಷ ಒಂದೇ ಕಡೆ ಉಳಿಸಿಕೊಂಡದ್ದಕ್ಕೆ ಆ ಸಂಸ್ಥೆ ಪಡೆದ ಫಲ ಅದು.

ಬಲ್ಮಠದವಳು

ಎಲ್ಲರ ಮಾತುಗಳನ್ನೂ ಮನೆಯವರೊಂದಿಗೆ ಕುಳಿತು ಮತ್ತೆ ಓದಿದೆ. ಮಂಡಳಿಯ ಮುಂದಿನ ಸಭೆಯಲ್ಲಿ ನಾನು ಇಡಲಿರುವ ಸಲಹೆ ಹೀಗಿದೆ. ಲ್ಯಾಟಿನ್ ಅಧ್ಯಾಪಕರನ್ನು ಮುಖ್ಯಸ್ಥರನ್ನಾಗಿ ಆರಿಸುವುದು. ಲೆಕ್ಕಪತ್ರ ಅವರು ಹೇಳಿದಂತೆ ಅರ್ಧಕಾಲಿಕ ಲೆಕ್ಕಾಧಿಕಾರಿಯನ್ನು ನೇಮಿಸಿ, ದೇಣಿಗೆಯ ಹೊಣೆಯನ್ನು ಮಂಡಳಿಯ ನಾವೇ ಹಂಚಿಕೊಳ್ಳುವುದು. ಮುಖ್ಯಸ್ಥರ ನೇಮಕ ಪತ್ರದಲ್ಲೇ ಅವರು ಒಂದು ತರಗತಿಗೆ ಪಾಠ ಹೇಳಬೇಕೆಂದೂ ಪ್ರತಿ ಅಧ್ಯಾಪಕರ ಪಾಠವನ್ನು ಹದಿನೈದು ದಿನಗಳಿಗೊಮ್ಮೆ ಕೇಳಬೇಕೆಂದೂ ಬರೆಯುವುದು. ಹೊಸ ಅಧ್ಯಾಪಕರಿಗೆ ಮೊದಲ ವರ್ಷ ಪಾಠಗಳ ಸಂಖ್ಯೆಯನ್ನು ಕಡಿಮೆ ಮಾಡಿ, ಅನುಭವಿಗಳ ಜೊತೆ ವಾರಕ್ಕೆ ಮೂರು ಗಂಟೆ ಇಡುವುದು. ವಕೀಲರು ಸೂಚಿಸಿದ ಮನವಿಯ ನಿಯಮವನ್ನು ಈ ವರ್ಷವೇ ಅಂಗೀಕರಿಸುವುದು. ಇದಕ್ಕೂ ಮೊದಲು ಸಿಸ್ಟರ್ ಕೊಟ್ಟ ಪ್ರಶ್ನೆಯನ್ನು ಇಬ್ಬರು ಅಭ್ಯರ್ಥಿಗಳಿಗೂ ಕೇಳುತ್ತೇನೆ. ಅವರ ಉತ್ತರ ನನ್ನ ನಂಬಿಕೆಗೆ ವಿರುದ್ಧವಾಗಿ ಬಂದರೆ ನನ್ನ ಮತವನ್ನೂ ಬದಲಿಸುತ್ತೇನೆ.

ಸಿಸ್ಟರ್, ಜೆಪ್ಪು

ಪಾಠ ಕಡಿಮೆ ಮಾಡುವ ಮಾತು ಹಣದ ಚರ್ಚೆ ಬಂದಾಗ ಮೊದಲು ಬಿದ್ದುಹೋಗುತ್ತದೆ, ಮಗಳೇ. ಅದನ್ನು ಆಯವ್ಯಯದಲ್ಲಿ ಪ್ರತ್ಯೇಕ ಸಾಲಾಗಿ ತೋರಿಸಿ, ಅದಕ್ಕೆ ತಗಲುವ ಮೊತ್ತವನ್ನು ಸಭೆಗೆ ಮೊದಲೇ ತಿಳಿಸು. ಲೆಕ್ಕಪತ್ರ ಅವರೂ ಸಹಾಯ ಮಾಡುತ್ತಾರೆಂದು ನಂಬಿದ್ದೇನೆ.

ಲೆಕ್ಕಪತ್ರ

ಖಂಡಿತ, ಸಿಸ್ಟರ್. ಬಲ್ಮಠದವರೇ, ಈಗಿನ ಅಧ್ಯಾಪಕರ ಸಂಖ್ಯೆ, ಒಬ್ಬೊಬ್ಬರ ವಾರದ ಪಾಠಗಳು, ಸಂಬಳದ ಶ್ರೇಣಿ ಇಷ್ಟನ್ನು ಹೆಸರುಗಳಿಲ್ಲದೆ ಖಾಸಗಿ ಸಂದೇಶದಲ್ಲಿ ಕಳುಹಿಸಿದರೆ ನಾನು ಪಟ್ಟಿ ಸಿದ್ಧಪಡಿಸಿ ಕೊಡುತ್ತೇನೆ.